ಎಡಕ್ಕೆ ಸುತ್ತಿದ ಮರುದಿನ

ನೆನೆಸಿದ ಅವರೆಕಾಳು ಹಿಸುಕುತ್ತಾ ಊಟದ ಮೇಜಿನ ಮುಂದೆ ಕುಳಿತಿದ್ದೆ. ಮಂಡಿ ಸವೆದ ಮೇಲೆ ನೆಲದ ಮೇಲೆ ಕೂರುವುದನ್ನು ಬಿಟ್ಟಿದ್ದೇನೆ. ಆಗ ಮೈದುನನ ಫೋನು ಬಂತು. ಅವನೂ ನಮ್ಮ ಯಜಮಾನರೂ ಪಂಚೆ ತರಲು ಚಿಕ್ಕಪೇಟೆಗೆ ಹೋಗಿದ್ದರು.

“ಅತ್ತಿಗೆ, ಗಾಬರಿ ಆಗ್ಬೇಡಿ. ಅಣ್ಣಂಗೆ ಎದೆನೋವು ಬಂತು, ಆಸ್ಪತ್ರೇಲಿದೀವಿ. ಮಾತಾಡ್ತಿದಾನೆ. ನೀವು ನಿಧಾನಕ್ಕೆ ಬನ್ನಿ.”

ನನಗೆ ಮೊದಲು ನೆನಪಾದದ್ದು ಹಿಂದಿನ ಸಂಜೆ ತಾರಸಿಯಲ್ಲಿ ನಾನು ಮಾಡಿದ್ದು.

ಮಂಡಿನೋವಿಗೆ ದಿನವೂ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ನಮ್ಮ ಬಸವನಗುಡಿಯ ಫುಟ್‌ಪಾತಿನ ಚಪ್ಪಡಿಗಳನ್ನು ನಂಬುವಂತಿಲ್ಲ, ಅದಕ್ಕೇ ತಾರಸಿಯಲ್ಲಿ ಸುತ್ತುತ್ತಿದ್ದೆ. ಚಿಕ್ಕ ತಾರಸಿ, ನಡುವೆ ತುಳಸಿ ಕಟ್ಟೆ. ವ್ಯಾಯಾಮವೂ ಆಯಿತು, ಪ್ರದಕ್ಷಿಣೆಯೂ ಆಯಿತು ಅಂತ ನನಗೆ ಸಮಾಧಾನ. ಆದರೆ ಬಲ ಮಂಡಿಯ ನೋವು ಹೆಚ್ಚುತ್ತಲೇ ಹೋಯಿತು.

ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿ ಹುಡುಗಿ, “ಆಂಟಿ, ಅಷ್ಟು ಸಣ್ಣ ಜಾಗದಲ್ಲಿ ಯಾವಾಗ್ಲೂ ಬಲಕ್ಕೇ ತಿರುಗ್ತಿದ್ರೆ ಆ ಕಾಲಿಗೆ ಭಾರ ಜಾಸ್ತಿ. ಅರ್ಧ ಹೊತ್ತು ಉಲ್ಟಾ ಸುತ್ತಿ” ಎಂದಳು.

“ಉಲ್ಟಾ ಸುತ್ತೋದು ಹೆಣಕ್ಕೆ ಕಣಮ್ಮಾ.”

“ಅಯ್ಯೋ, ಇದು ವಾಕಿಂಗು ಆಂಟಿ!”

ನೋವು ತಡೆಯಲಾರದೆ, ಹಿಂದಿನ ಸಂಜೆ ಮೊದಲ ಸಲ, ತುಳಸಮ್ಮನಿಗೆ ಕೈಮುಗಿದು ಎಡಕ್ಕೆ ಸುತ್ತಿದ್ದೆ. ಮಂಡಿಗೆ ಹಿತವಾಗಿಯೇ ಇತ್ತು. ಆ ಹಿತವೇ ಈಗ ಚುಚ್ಚತೊಡಗಿತು.

ಆಟೋ ಗೇಟಿನ ಮುಂದೆಯೇ ಸಿಕ್ಕಿತು. ಆಸ್ಪತ್ರೆಯಲ್ಲಿ ಲಿಫ್ಟ್ ಕೆಲಸ ಮಾಡುತ್ತಿತ್ತು. ಅವರಿಗೆ ನೋವು ಬಂದಾಗ ಮೈದುನ ಪಕ್ಕದಲ್ಲೇ ಇದ್ದ. ಎಲ್ಲ ಸ್ವಾಮಿಯ ದಯೆ ಎಂದುಕೊಂಡರೂ ಧೈರ್ಯ ಬರಲಿಲ್ಲ.

ಮಂಚದ ಪಕ್ಕ ಕೂತು, ತಡೆಯಲಾರದೆ ಹೇಳಿಬಿಟ್ಟೆ: “ರೀ, ನಿನ್ನೆ ನಾನು ತುಳಸಿಗೆ ಎಡಕ್ಕೆ ಸುತ್ತಿದೆ.”

ಅವರು ಕಣ್ಣು ಬಿಟ್ಟು ನೋಡಿದರು. “ಇಷ್ಟು ವರ್ಷ ಬಲಕ್ಕೆ ಸುತ್ತಿದ್ಯಲ್ಲ, ಆಗ ನಾನೇನು ಪೈಲ್ವಾನ್ ಆಗಿದ್ನೇನೇ?”

“ತಮಾಷೆ ಬೇಡಿ.”

“ತಮಾಷೆ ಅಲ್ಲ ಕಣೇ. ನೀನೂ ಹಾಸಿಗೆ ಹಿಡಿದ್ರೆ ನನ್ನ ಯಾರು ನೋಡ್ಕೋತಾರೆ? ಯಾವ ಕಡೆಗಾದ್ರೂ ಸರಿ, ನಡಿ.”

ಮೈದುನ ಮುಖ ತಿರುಗಿಸಿ ನಕ್ಕ. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಇನ್ನೊಂದು ಪರೀಕ್ಷೆ ಮಾಡಬೇಕು, ಅದಾಗುವವರೆಗೆ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿ ಹೋಗಿದ್ದರು.

ರಾತ್ರಿ ತಾನು ಇರುತ್ತೇನೆಂದು ಮೈದುನ ನನ್ನನ್ನು ಮನೆಗೆ ಕಳಿಸಿದ. ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಕೂತು ಮಂಡಿ ಮರಗಟ್ಟಿತ್ತು. ಕಂಬಿ ಹಿಡಿದು ತಾರಸಿ ಹತ್ತಿ, ತುಳಸಿಗೆ ದೀಪ ಇಟ್ಟೆ. ಸುತ್ತುವ ಧೈರ್ಯ ಯಾವ ಕಡೆಗೂ ಆಗಲಿಲ್ಲ. ನಡೆಯದಿದ್ದರೆ ನಾಳೆ ಆಸ್ಪತ್ರೆಗೆ ಹೋಗಲು ಕಾಲೇ ಏಳುವುದಿಲ್ಲ. ಗೋಡೆಯ ಪಕ್ಕದಲ್ಲಿ ನೆಟ್ಟಗೆ ಹೋಗಿ ಬಂದು ಮಾಡಿದೆ. ಆದರೂ ಗೋಡೆ ಮುಗಿದಲ್ಲಿ ತಿರುಗಲೇಬೇಕಲ್ಲ. ನಾನು ಬೇಡವೆಂದರೂ ಕಾಲು ಬಲಕ್ಕೇ ತಿರುಗಿತು, ನೋವೂ ಬಂತು. ನೋಯಲಿ, ಇದೊಂದು ರಾತ್ರಿ ಕಳೆಯಲಿ ಎಂದುಕೊಂಡೆ.

ನಾಳೆ ಪರೀಕ್ಷೆ ಆದಮೇಲೆ ಅವರಿಗೆ ಉಪ್ಪು ಕಡಿಮೆ ಹಾಕಿದ ರವೆ ಗಂಜಿ ಕೊಡಬಹುದಂತೆ. ಕೆಳಗಿಳಿದು ಬಾಣಲೆ ಒಲೆಯ ಮೇಲಿಟ್ಟು ರವೆ ಹುರಿಯತೊಡಗಿದೆ.