ಗಿಡಕ್ಕೆ ನೀರು ಹಾಕಲು ಬಂದವರು

ಎರಡು ದಿನದ ಜ್ವರದಲ್ಲೇ ಎದ್ದು ಬಾಗಿಲು ತೆಗೆದರೆ, ಬಕೆಟ್ ಹಿಡಿದ ಮಸೀದಿಯ ಖಾದರ್ ಸಾಹೇಬರು ನಿಂತಿದ್ದರು. ಆರ್.ಟಿ. ನಗರದ ನಮ್ಮ ಬೀದಿಯ ಮಸೀದಿಯವರು ನಮಾಜಿಗೆ ಮುಂಚೆ ಕೈಕಾಲು ತೊಳೆದ ನೀರನ್ನು ಹಿಡಿದಿಟ್ಟು, ದಿನಾ ಸಂಜೆ ರಸ್ತೆಬದಿಯ ಗಿಡಗಳಿಗೆ ಹಾಕುತ್ತಾರೆ. ಸೋಪಿಲ್ಲದ ಆ ನೀರಿನಿಂದಲೂ ನನ್ನ ಗೇಟಿನ ಪಕ್ಕದ ಹೊಂಗೆ ಸಾಯುತ್ತದೆಂದು ಅವರ ತಲೆ ತಿಂದವನು ನಾನು.

“ಹೊಂಗೆಗೆ ಏನಾಯ್ತು?” ಎಂದೆ ಗಾಬರಿಯಿಂದ.

“ಅದು ಚೆನ್ನಾಗೈತೆ ಸಾರ್. ನಿಮ್ಮ ಪೇಪರ್ ಎರಡು ದಿನದಿಂದ ಗೇಟಲ್ಲೇ ಬಿದ್ದೈತೆ, ಅದ್ಕೇ ಬೆಲ್ ಹೊಡೆದೆ.”

ಒಂಟಿಯಾಗಿರುವ ನನ್ನ ಮನೆಯ ಬೆಲ್ಲನ್ನು ಕೊರಿಯರ್‌ನವರನ್ನು ಬಿಟ್ಟು ಬೇರೆಯವರು ಒತ್ತಿ ವರ್ಷವಾಗಿತ್ತು. ಈಗ ಸಂಜೆಯಾದರೆ ಗೇಟಿನ ಬಳಿಯೇ ಇರುತ್ತೇನೆ. ಮಳೆ ಶುರುವಾದರೆ ಗಿಡಕ್ಕೆ ನೀರು ಬೇಕಿಲ್ಲ; ಆಗಲೂ ಸಾಹೇಬರು ಈ ಕಡೆ ಬರುತ್ತಾರಾ ಎಂಬುದು ನನ್ನ ಹೊಸ ಚಿಂತೆ.