ಆಟವಿಲ್ಲದ ಕ್ಯಾಸೆಟ್ಟು

ಗಬ್ಬೂರಿನಿಂದ ಹುಬ್ಬಳ್ಳಿಗೆ ಒಂದು ಬಸ್ಸು, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇನ್ನೊಂದು. ಸಂಜೆ ಅದೇ ದಾರಿ ಉಲ್ಟಾ. ಶಶಿಕುಮಾರನ ಹರೆಯವೆಲ್ಲ ಬಸ್ಸಿನ ಸರಳಿಗೆ ಜೋತುಬಿದ್ದೇ ಸವೆಯಿತು ಎಂದರೆ ಹೆಚ್ಚು ಹೇಳಿದಂತಾಗುವುದಿಲ್ಲ. ಧಾರವಾಡದ ಸರಕಾರಿ ಕಚೇರಿಯೊಂದರಲ್ಲಿ ಅವನು ಟಪಾಲು ಗುಮಾಸ್ತ. ಬಂದ ಲಕೋಟೆ ಒಡೆಯುವುದು, ಹೋಗುವ ಲಕೋಟೆಗೆ ಅಂಟು ಹಚ್ಚುವುದು. ಕಾಯಂ ನೌಕರಿಯಾದ್ದರಿಂದ ಅವನ ದಣಿವಿಗೆ ಯಾರೂ ಮರುಗುತ್ತಿರಲಿಲ್ಲ. ತಾನೇ ಮರುಗಿಕೊಳ್ಳೋಣವೆಂದರೆ ಅವನಿಗೆ ನಾಚಿಕೆ.

ಎರಡು ಸಾವಿರದ ಮೂರನೆಯ ಇಸವಿಯಲ್ಲಿ, ಬಸ್ಸಿನಲ್ಲಿ ಹೊತ್ತು ಹೋಗಲಿ ಎಂದು ಹುಬ್ಬಳ್ಳಿಯ ದುರ್ಗದಬೈಲಿನ ಏಕನಾಥನ ಅಂಗಡಿಯಲ್ಲಿ ಅವನೊಂದು ಹಳೆಯ ಗೇಮ್‌ಬಾಯ್ ಕೊಂಡ. ಅಂಗೈಯಗಲದ ಆಟದ ಡಬ್ಬಿ. ಮುಂಬಯಿಯಿಂದ ಬಂದ ಮೋಡಕಾ, ಅಂದರೆ ಗುಜರಿ, ಸಾಮಾನಿನ ಗುಡ್ಡೆಯಿಂದ ಏಕನಾಥ ಒಂದು ಕ್ಯಾಸೆಟ್ಟನ್ನೂ ತೆಗೆದುಕೊಟ್ಟ.

"ಇದ್ರಾಗ ಆಟಾನ ಇಲ್ರಿ, ಬರೇ ಅಂಕಿ ಬರ್ತಾವು. ಕೆಟ್ಟೇತಿ ಅನಸ್ತದ. ಹಂಗ ಒಯ್ರಿ," ಅಂದ.

ಕೆಟ್ಟಿರಲಿಲ್ಲ. ಮರುದಿನ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಗುಂಡಿ ಒತ್ತುತ್ತ ಹೋದಂತೆ ಆ ಅಂಕಿಗಳು ಹಾಡತೊಡಗಿದವು. ಅದು ಹಾಡು ಕಟ್ಟುವ ಕ್ಯಾಸೆಟ್ಟು. ಡಬ್ಬಿಯ ಹೊಟ್ಟೆಯಲ್ಲಿದ್ದದ್ದು ನಾಲ್ಕೇ ದನಿ: ಎರಡು ಕೀರಲು, ಒಂದು ಮೆತ್ತಗಿನದು, ಇನ್ನೊಂದು ಬರೀ ಸುಯ್ ಎನ್ನುವ ಗದ್ದಲ. ಅಷ್ಟರಲ್ಲೇ ಅವನು ಸಂಸಾರ ಹೂಡಿದ. ನವನಗರ ಬಂತೋ, ರಾಯಾಪುರ ಬಂತೋ ಅವನಿಗೆ ಖಬರು ಇರುತ್ತಿರಲಿಲ್ಲ. ಸೀಟು ಸಿಗದ ದಿನ ಒಂದೇ ಕೈಯಲ್ಲಿ ಗುಂಡಿ ಒತ್ತುತ್ತಿದ್ದ.

ಹೆಂಡತಿ ಪ್ರಭಾವತಿ ಕೇಳುತ್ತಿದ್ದಳು, ನಗುತ್ತಿದ್ದಳು. ಅವನಿಗೆ ಬೇಕಿದ್ದದ್ದು ಅಪ್ಪ ಒಮ್ಮೆ ಕೇಳುವುದು. ಅಪ್ಪ ಉಡಚಪ್ಪ, ನಿವೃತ್ತ ಸಾಲಿ ಮಾಸ್ತರರು, ಕಿವಿಯ ಹತ್ತಿರ ವೈರು ತಂದರೆ ತಲೆ ಕೊಡವುತ್ತಿದ್ದರು. "ಪೇಟಿ ಬಾರಸೂದು ಕಲಿ ಅಂದೆ, ಕಲೀಲಿಲ್ಲ. ಇದೇನಿದು, ಹಲ್ಲಿಗತೆ ಲೊಚಗುಟ್ಟತೈತಿ," ಎನ್ನುತ್ತಿದ್ದರು. ಮಗ ವೈರು ಸುತ್ತಿಡುತ್ತಿದ್ದ. ಇಡೀ ದಿನದ ದಣಿವಿಗಿಂತ ಆ ಒಂದು ಗಳಿಗೆಯ ದಣಿವೇ ಅವನಿಗೆ ಭಾರವಾಗಿತ್ತು.

ಉಡಚಪ್ಪನವರಿಗೆ ಬಡಿತದ ಸದ್ದೆಂದರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಅವರ ಅಪ್ಪ ಅಮ್ಮಿನಬಾವಿಯಲ್ಲಿ ಊರ ತೊಗಲ ಹಲಗೆ ಬಾರಿಸುತ್ತಿದ್ದವನು. ಅದು ಅವನು ಬಯಸಿ ಹಿಡಿದ ಕಸುಬಲ್ಲ. ಕೇರಿಯವರು ಬಾರಿಸಲೇಬೇಕು, ಊರವರು ಕರೆದಾಗ ಹೋಗಲೇಬೇಕು. ಉಡಚಪ್ಪನವರೂ ಹುಡುಗರಿದ್ದಾಗ ಬಾರಿಸಿದವರೇ. ಮಾಸ್ತರಿಕೆ ಸಿಕ್ಕ ದಿನ ಹಲಗೆ ಕೆಳಗಿಟ್ಟು, ನಮ್ಮ ಮನೆಯಲ್ಲಿ ಇನ್ನು ಯಾರೂ ಇದನ್ನು ಮುಟ್ಟಕೂಡದು ಎಂದು ಆಣೆ ಹಾಕಿಕೊಂಡರು. ಹೋಳಿಯ ದಿನಗಳಲ್ಲಿ ಹುಬ್ಬಳ್ಳಿಯೆಲ್ಲ ಹಲಗೆಯ ಸದ್ದಿನಲ್ಲಿ ಮುಳುಗಿದಾಗ ಗಬ್ಬೂರಿನ ಇವರ ಮನೆಯ ಕಿಟಕಿಗಳು ಮುಚ್ಚಿರುತ್ತಿದ್ದವು. ಹೀಗಾಗಿ ಶಶಿಕುಮಾರನಿಗೆ ಹಲಗೆಯ ಒಂದು ಪೆಟ್ಟೂ ಗೊತ್ತಿರಲಿಲ್ಲ.

ಒಂದನ್ನು ಬಿಟ್ಟು. ಸಾಲಿಯ ಸೂಟಿಯಲ್ಲಿ ಅಮ್ಮಿನಬಾವಿಗೆ ಹೋದಾಗ ಅಜ್ಜ ಅವನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಬೆನ್ನ ಮೇಲೆ ಬೆರಳಿನಿಂದ ಮೆಲ್ಲಗೆ ಬಡಿಯುತ್ತಿದ್ದ. ನಿದ್ದೆ ಬರುವ ತನಕ ಅದೊಂದೇ ಬಡಿತ. ಮಗಳು ಹುಟ್ಟಿ, ತೊಟ್ಟಿಲ ಕಾರ್ಯ ಗೊತ್ತಾದಾಗ ಶಶಿಕುಮಾರನಿಗೆ ಅದು ನೆನಪಾಯಿತು. ಕೂಸಿಗೆ ಅಜ್ಜನ ಜೋಗುಳಕ್ಕಿಂತ ಛಲೋದು ಏನಿದ್ದೀತು? ಸುಯ್ ಎನ್ನುವ ಆ ಗದ್ದಲವನ್ನು ಕತ್ತರಿಸಿ ಕತ್ತರಿಸಿ ಚಿಕ್ಕದು ಮಾಡಿದರೆ ತೊಗಲ ಮೇಲೆ ಕಡ್ಡಿ ಬಿದ್ದಂತೆಯೇ ಕೇಳುತ್ತಿತ್ತು. ತೊಗಲಿಲ್ಲ, ಕಡ್ಡಿಯಿಲ್ಲ, ಅಪ್ಪನ ಆಣೆ ಮುರಿದಂತಾಗಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಸ್ಸಿನಲ್ಲೇ ಕಟ್ಟಿ ಮುಗಿಸಿದ. ಅವತ್ತು ಮೈಕಿನಲ್ಲಿ ಹಚ್ಚಿದರೆ ಅಪ್ಪ ಎದ್ದು ಹೋಗುವುದಾದರೂ ಎಲ್ಲಿಗೆ?

ಕಾರ್ಯದ ದಿನ ಮನೆಯ ಮುಂದೆ ಶಾಮಿಯಾನ. ಹೆಂಗಸರು ತೊಟ್ಟಿಲ ಪದ ಹೇಳಿ ಮುಗಿಸಿದರು, ಊಟದ ಪಂಕ್ತಿ ಕೂತಿತು. ತಾನೇ ಬೆಸುಗೆ ಹಾಕಿದ ವೈರಿನಿಂದ ಶಶಿಕುಮಾರ ಡಬ್ಬಿಯನ್ನು ಮೈಕ್‌ಸೆಟ್ಟಿಗೆ ಜೋಡಿಸಿದ. ಹಾರ್ನು ಮೊದಲು ಗುಂಯ್ ಎಂದಿತು, ಆಮೇಲೆ ಬಡಿತ ಹೊರಟಿತು. ಚಿಕ್ಕ ಮಕ್ಕಳು ಕುಣಿಯತೊಡಗಿದವು. ಅವನ ಎದೆ ಹಿಗ್ಗಿತು, ಸುಳ್ಳೇಕೆ ಹೇಳಬೇಕು.

ಅಮ್ಮಿನಬಾವಿಯಿಂದ ಬಂದಿದ್ದ ಹುಲಗಪ್ಪ ಕಾಕಾನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವನು ಎಲೆ ಬಿಟ್ಟು ಎದ್ದು ನಿಂತ. ಬಳಿಯಿದ್ದ ಇನ್ನೊಂದಿಬ್ಬರು ಮುದುಕರೂ ಎದ್ದರು. ಶಶಿಕುಮಾರನ ಅವ್ವ ಗುಡ್ಡವ್ವ ತೊಟ್ಟಿಲೊಳಗಿನ ಕೂಸನ್ನು ಬಾಚಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಬಂದ್ ಮಾಡೋ ತಮ್ಮಾ," ಎಂದ ಹುಲಗಪ್ಪ. "ಇದು ಹೆಣಾ ಎತ್ತಿದಾಗ ಬಾರಿಸೋದು."

ಶಶಿಕುಮಾರ ವೈರು ಕಿತ್ತ. "ಅಜ್ಜ ನನ್ನ ಮಲಗಸುವಾಗ ಇದನ್ನ ಬಡೀತಿದ್ದನಲ್ಲ ಕಾಕಾ."

"ಅವನ ಕೈಗೆ ಅದ ರೂಢಿ ಬಿದ್ದಿತ್ತು. ಲಗ್ನಕ್ಕೆಲ್ಲಾ ಬ್ಯಾಂಡ್ ಬಂತು. ಕಡೀಕಡೀಗೆ ಯಾರರೆ ಸತ್ರಷ್ಟ ಅವನ್ನ ಕರೀತಿದ್ರು."

ಪಂಕ್ತಿ ಮತ್ತೆ ಕೂತಿತು, ಆದರೆ ಊಟ ಕಹಿಯಾಗಿತ್ತು. ಉಡಚಪ್ಪನವರು ಮಗನ ಕಡೆ ನೋಡಲಿಲ್ಲ.

ಸಂಜೆ ಬೀಗರು ನೆಂಟರೆಲ್ಲ ಹೋದ ಮೇಲೆ ಶಶಿಕುಮಾರ ಖಾಲಿ ಶಾಮಿಯಾನದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಮನಸ್ಸು ಸೋತುಹೋಗಿತ್ತು. ಈ ಹಾಡನ್ನಷ್ಟೇ ಅಲ್ಲ, ಕ್ಯಾಸೆಟ್ಟಿನಲ್ಲಿದ್ದದ್ದನ್ನೆಲ್ಲ ಅಳಿಸಿ, ನಾಳೆಯಿಂದ ಎಲ್ಲರಂತೆ ಬಸ್ಸಿನಲ್ಲಿ ತೂಕಡಿಸಿದರಾಯಿತು ಎಂದುಕೊಂಡ. ಅಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟಿದ್ದಾಗ ಅಪ್ಪ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತರು.

"ತಪ್ಪಾತು ಅಪ್ಪಾ. ಅಳಸಾಕತ್ತೇನಿ," ಎಂದ.

"ತಡಿ," ಎಂದರು ಉಡಚಪ್ಪ. "ಆ ವಯರು ಕೊಡಿಲ್ಲೆ."

ಇಯರ್‌ಫೋನನ್ನು ಅವರೇ ಕಿವಿಗೆ ಇಟ್ಟುಕೊಂಡರು, ಒಂದು ಉಲ್ಟಾ ಇತ್ತು. ಶಶಿಕುಮಾರ ಅದೇ ಬಡಿತ ಹಚ್ಚಿದ. ಅಪ್ಪ ಕಣ್ಣು ಮುಚ್ಚಲಿಲ್ಲ, ತಲೆ ಆಡಿಸಲಿಲ್ಲ, ಎದುರಿನ ಕಂಬವನ್ನೇ ನೋಡುತ್ತಿದ್ದರು.

"ನಮ್ಮಪ್ಪ ಸತ್ತಾಗ, ಯಾರು ಬಾರಸ್ತೀರಿ ಅಂತ ಮಂದಿ ಕೇಳಿದ್ರು," ಎಂದರು. "ಈ ಪೆಟ್ಟು ಬಾರಸಾಕ ಬರೂದು ನನಗೊಬ್ಬನಿಗೆ, ಹುಲಗಪ್ಪ ನನ್ನ ಮಾರಿ ನೋಡಿದ. ನಾ ಮಾಸ್ತರ ಆಗಿದ್ದೆ. ತಲಿ ಕೆಳಗ ಹಾಕಿ ನಿಂತೆ. ಹಲಗಿ ಬಿಟ್ಟಿದ್ದು ತಪ್ಪಲ್ಲ, ಅದನ್ನ ಈಗೂ ಹೇಳ್ತೇನಿ. ಆದ್ರ ಊರ ಹೆಣಕ್ಕೆಲ್ಲಾ ಬಾರಿಸಿದಾಂವ ತಾ ಹೋಗುವಾಗ ಒಂದು ಪೆಟ್ಟೂ ಕೇಳಲಿಲ್ಲ."

ಬಡಿತ ನಿಂತಿತು. ಅಪ್ಪ ಇಯರ್‌ಫೋನ್ ತೆಗೆಯಲಿಲ್ಲ.

"ಮುಗೀತೇನು?"

"ಇಷ್ಟ ಐತಪ್ಪಾ."

"ಸಾಲಂಗಿಲ್ಲ. ಅಮ್ಮಿನಬಾವ್ಯಾಗ ನಮ್ಮ ಮನಿಯಿಂದ ಸುಡಗಾಡ ದೂರ ಐತಿ. ಇನ್ನೊಮ್ಮೆ ಹಚ್ಚು."