ಒಂಬತ್ತೂವರೆ ಮೇಸ್ತ್ರಿಯ ವೈರಿಲ್ಲದ ಗರಗಸ

ಒಂಬತ್ತೂವರೆ ಮೇಸ್ತ್ರಿಯ ಬಲಗೈ ತೋರುಬೆರಳು ಅರ್ಧವೇ ಇತ್ತು. ಮಿಕ್ಕರ್ಧ ಎಲ್ಲಿ ಹೋಯಿತು ಎಂದು ಕೇಳಿದವರಿಗೆ ಅವನು ಮುಖ ನೋಡಿ ಕಥೆ ಹೇಳುತ್ತಿದ್ದ. ಬೀಗರಿಗೆ ಮೊಸಳೆಯ ಕಥೆ. ಪಕ್ಕದ ಬೀದಿಯ ಮೇಷ್ಟ್ರಿಗೆ, ತೋರಿಸಬಾರದವರ ಕಡೆ ತೋರಿಸಿದೆ, ಅವರೇ ಇಟ್ಟುಕೊಂಡರು ಎಂದು. ನಿಜ ಮಾತ್ರ ಬಲು ಸಪ್ಪೆ. ಹತ್ತೊಂಬತ್ತು ವರ್ಷದ ಹಿಂದೆ ಕರೆಂಟು ಹೋಗಿತ್ತು. ಗರಗಸ ಹೇಗೂ ಸತ್ತು ಮಲಗಿದೆಯಲ್ಲ ಎಂದು ಅಲಗು ಬಿಗಿ ಮಾಡಲು ಕೈ ಹಾಕಿದ. ಕರೆಂಟು ಬಂತು.

ಅಂದಿನಿಂದ ಅವನಿಗೆ ಒಂದೇ ಕಾನೂನು. ಯಂತ್ರ ಮುಟ್ಟುವ ಮುಂಚೆ ಪ್ಲಗ್ಗು ಕೀಳಬೇಕು, ಕಿತ್ತದ್ದನ್ನು ಅಂಗಿಯ ಜೇಬಿಗೆ ತುರುಕಬೇಕು. ಎದೆಯಿಂದ ವೈರು ಇಳಿಬಿಟ್ಟುಕೊಂಡು ನಿಂತವನನ್ನು ಕಂಡು, ಮೇಸ್ತ್ರಿಗೇ ಚಾರ್ಜು ಹಾಕಿದ್ದಾರೇನೋ ಎಂದು ಹೊಸ ಗಿರಾಕಿಗಳು ಬಾಗಿಲಲ್ಲೇ ನಿಂತದ್ದುಂಟು.

ಈಚೆಗೆ ಹಳೇ ಯಂತ್ರದ ಮೋಟಾರು ಸುಟ್ಟಿತು. ಕೈಗರಗಸ ಹಿಡಿದ. ಮೂರು ತಿಂಗಳಿಗೆ ಮಣಿಕಟ್ಟೂ ಕೈಕೊಟ್ಟಿತು. ಇನ್ನು ಗರಗಸ ಎಳೆದರೆ ತುತ್ತು ಎತ್ತುವುದಕ್ಕೂ ಆಳು ಬೇಕಾದೀತು ಎಂದು ಡಾಕ್ಟರು ಹೇಳಿದ ಮೇಲೆ, ದೊಡ್ಡ ಮಗಳು ಬ್ಯಾಟರಿ ಗರಗಸವೊಂದನ್ನು ತರಿಸಿದಳು. ಬೇಕಾದ ಕೋನಕ್ಕೆ ತಿರುಗುತ್ತದೆ, ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ, ವೈರೇ ಇಲ್ಲ.

ಮೇಸ್ತ್ರಿಯ ಹೆಂಡತಿ ದರ್ಜಿ. ಶೆಡ್ಡಿನ ಮುಂಭಾಗದಲ್ಲಿ ಅವಳ ಹೊಲಿಗೆ, ಹಿಂಭಾಗದಲ್ಲಿ ಇವನ ಮರ. ಡಬ್ಬಿ ಬಿಚ್ಚಿದ್ದೇ ತಡ, ಅವಳು ಕೈಪಿಡಿಯನ್ನು ಎತ್ತಿಕೊಂಡಳು.

"ನೋಡಿ, ಓದೋದು ನಾನು, ಕೂರಿಸೋದು ನೀವು. ಒಂದೇ ಒಂದು ತಪ್ಪಾಯ್ತೋ, ಇದು ವಾಪಸ್ ಅಂಗಡಿಗೆ. ನಿಮ್ಮ ಕಡೆ ಬಾಗಿಲಿಗೆ ಬೀಗ. ಆಮೇಲೆ ನೀವಾಯ್ತು, ಟೀವಿ ಆಯ್ತು."

"ನಲವತ್ತು ವರ್ಷದ ಮೇಸ್ತ್ರಿಗೆ ಪರೀಕ್ಷೆನಾ?"

"ಮೂವತ್ತೊಂಬತ್ತೂವರೆ ಅನ್ನಿ."

ಮೇಸ್ತ್ರಿ ಪ್ಲಾಸ್ಟಿಕ್ ಹರಿದ. ಟೀವಿಯ ಮುಂದೆ ಕೂರುವುದಕ್ಕಿಂತ ಪರೀಕ್ಷೆಯೇ ವಾಸಿ.

ಮೊದಲಿಗೆ ಎಲ್ಲ ಸಲೀಸು. ಮೇಜಿನ ನಾಲ್ಕು ಕಾಲಿಗೂ ಮಟ್ಟ ನೋಡಿದ. ಗರಗಸದ ತಳವನ್ನು ನಾಲ್ಕು ಬೋಲ್ಟು ಹಾಕಿ ಬಿಗಿದ. ಎಷ್ಟು ಬಿಗಿದನೆಂದರೆ, ಭೂಮಿಯೇ ಮಗುಚಿಬಿದ್ದರೂ ಗರಗಸ ಮೇಜನ್ನು ಬಿಡುತ್ತಿರಲಿಲ್ಲ. ಉದ್ದದ ಹಲಗೆ ಕತ್ತರಿಸುವಾಗ ತುದಿ ಜೋತುಬೀಳದಿರಲೆಂದು ಎರಡೂ ಬದಿಗೆ ಅದೇ ಎತ್ತರದ ಸ್ಟ್ಯಾಂಡು ಇಟ್ಟ.

"ಹಿಂದೆ ಹಳಿ ಜಾರೋಕೆ ಜಾಗ ಇದೆಯಾ?" ಎಂದಳು ಹೆಂಡತಿ.

ಅಲಗು, ಮೋಟಾರು ಇರುವ ಗರಗಸದ ತಲೆಯನ್ನು ಹಿಂದಕ್ಕೆ ತಳ್ಳಿ ನೋಡಿದ. ಹಳಿ ಗೋಡೆಗೆ ಕುಟ್ಟಿತು. ಮೇಜನ್ನು ಒಂದೂವರೆ ಗೇಣು ಈಚೆಗೆ ಎಳೆದರು, ಇಬ್ಬರೂ ಸೇರಿ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾ.

"ಇದು ತಪ್ಪಿನ ಲೆಕ್ಕಕ್ಕೆ ಬರಲ್ಲ. ಇನ್ನೂ ಕೂರಿಸ್ತಾ ಇದೀನಿ," ಎಂದ ಮೇಸ್ತ್ರಿ.

"ಸರಿ, ಬಿಟ್ಟಿದೀನಿ. ಬ್ಯಾಟರಿ ಸರಿಯಾಗಿ ಕೂರುತ್ತಾ ನೋಡಿ." ಹಿಂಬದಿಗೆ ಟಕ್ಕೆಂದು ಕೂರಿಸಿದ. ಅಷ್ಟರಲ್ಲಿ ಪ್ಯಾಂಟು ಉದ್ದ ಮಾಡಿಸಲು ಗಿರಾಕಿಯೊಬ್ಬರು ಬಂದರು. ಅವಳು ಅಳತೆ ತೆಗೆಯಲು ಆಚೆ ಹೋದಳು.

ಹಲಗೆ ಆನಿಸುವ ಹಿಂಬದಿಯ ಪಟ್ಟಿಗೆ ಅಲಗು ತೊಂಬತ್ತರ ಕೋನದಲ್ಲಿ ನೆಟ್ಟಗಿದೆಯೋ ಇಲ್ಲವೋ ನೋಡುವುದು ಬಾಕಿ ಇತ್ತು. ಮೇಸ್ತ್ರಿ ಅಭ್ಯಾಸದಂತೆ ಪ್ಲಗ್ಗು ಹುಡುಕಿದ. ಪ್ಲಗ್ಗಿಲ್ಲ. ವೈರೂ ಇಲ್ಲ. ವೈರಿಲ್ಲದ ಯಂತ್ರ ಎಂದರೆ ಅವನ ಕಾನೂನಿನಲ್ಲಿ ಸತ್ತ ಯಂತ್ರ. ನೆಮ್ಮದಿಯಾಗಿ ಎಡಗೈಯಿಂದ ಮೂಲೆಮಟ್ಟವನ್ನು ಅಲಗಿಗೆ ಒತ್ತಿ ಹಿಡಿದ, ಬಲಗೈಯಿಂದ ಹಿಡಿ ಹಿಡಿದು ತಲೆಯನ್ನು ಕೆಳಗಿಳಿಸಿದ.

"ರೀ, ಕೈ ತೆಗೀರಿ."

ವಾಪಸ್ ಬಂದಿದ್ದ ಹೆಂಡತಿ ಕಿರುಚಲಿಲ್ಲ. ಬಟ್ಟೆಗೆ ಸೀಮೆಸುಣ್ಣದ ಗುರುತು ಹಾಕುವಾಗಿನ ದನಿಯಲ್ಲೇ ಹೇಳಿದಳು. ಅವನು ಎರಡೂ ಕೈ ತೆಗೆದ. ಅವಳು ಗರಗಸದ ಹಿಂಬದಿಗೆ ಬಂದು ಬ್ಯಾಟರಿಯನ್ನು ಕಿತ್ತು ಅವನ ಮೂಗಿನ ಮುಂದೆ ಹಿಡಿದಳು.

"ವೈರಿಲ್ವಲ್ಲ ಅಂತ..." ಎಂದ ಮೇಸ್ತ್ರಿ.

"ಇದೇ ವೈರು."

ಇಬ್ಬರೂ ಹಿಡಿಯನ್ನು ನೋಡಿದರು. ಸುರಕ್ಷತೆಯ ಗುಂಡಿಯ ಮೇಲೆ ಅವನ ಹೆಬ್ಬೆರಳಿನ ಬೆವರು ಇನ್ನೂ ಆರಿರಲಿಲ್ಲ. ಅದನ್ನು ಒತ್ತಿಯೇ ಹಿಡಿದಿದ್ದ. ಅದರ ಜೊತೆಗೆ ಒತ್ತಿದರೆ ಅಲಗು ತಿರುಗುವ ಕೆಳಗಿನ ಸ್ವಿಚ್ಚಿಗೆ ಮಾತ್ರ ತೋರುಬೆರಳು ಅರ್ಧ ಇಂಚು ಎಟುಕಿರಲಿಲ್ಲ.

"ಆ ಬೆರಳು ಪೂರ್ತಿ ಇದ್ದಿದ್ರೆ ಇವತ್ತು ಎಡಗೈನದ್ದೆಲ್ಲ ಹೋಗ್ತಿತ್ತು," ಎಂದಳು ಅವಳು.

ಮೇಸ್ತ್ರಿ ಮೊಸಳೆಯ ಕಥೆ ಹೇಳಲಿಲ್ಲ. ಕರೆಂಟಿನವರನ್ನು ಬಯ್ಯಲಿಲ್ಲ. ಸ್ಪ್ಯಾನರು ತೆಗೆದುಕೊಂಡು ಮೊದಲನೇ ಬೋಲ್ಟು ಬಿಚ್ಚತೊಡಗಿದ. ಅದು ಬರಲಿಲ್ಲ, ಬಿಗಿದದ್ದು ಹಾಗಿತ್ತು. ಮಣಿಕಟ್ಟು ನೋಯುತ್ತಿದ್ದರೂ ಇನ್ನೊಮ್ಮೆ ಎಳೆದ.

"ಏನ್ ಮಾಡ್ತಿದೀರಾ?"

"ಡಬ್ಬಿಗೆ ಹಾಕ್ತೀನಿ. ತಪ್ಪು ತಪ್ಪೇ."

ಮದುವೆಯಾದ ಮೂವತ್ತಾರು ವರ್ಷದಲ್ಲಿ ಅವನು ವಾದ ಮಾಡದೆ ತಪ್ಪು ಒಪ್ಪಿದ್ದು ಇದೇ ಮೊದಲು. ಇಂಥದ್ದಕ್ಕೆ ಏನು ಮಾಡಬೇಕೆಂದು ಅವಳಿಗೂ ರೂಢಿಯಿರಲಿಲ್ಲ. ಮುಂಭಾಗದಿಂದ ಗಿರಾಕಿ, "ಅಮ್ಮಾ, ಪಿನ್ನು ಚುಚ್ತಾ ಇದೆ," ಎಂದು ಕೂಗಿದರು.

"ಚುಚ್ಚಲಿ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಸ್ಪ್ಯಾನರ್ ಕೆಳಗಿಡಿ. ಮೂಲೆಮಟ್ಟ ತಗೊಳ್ಳಿ. ಈಗ ನೋಡಿ, ನೆಟ್ಟಗಿದೆಯಾ?"

ನೆಟ್ಟಗಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಅಲಗಿನ ಗಾರ್ಡು ತಾನಾಗಿ ಮುಚ್ಚುತ್ತದೆಯೇ ಎಂದು ಮೂರು ಸಲ ಎತ್ತಿಳಿಸಿದ. ಹಲಗೆಯನ್ನು ಕ್ಲ್ಯಾಂಪು ಹಾಕಿ ಬಿಗಿದ, ಕನ್ನಡಕ ಹಾಕಿಕೊಂಡ, ಎಡಗೈಯನ್ನು ಅಲಗಿನಿಂದ ಒಂದು ಗೇಣು ದೂರ ಇಟ್ಟ. ಆಮೇಲೆ ಬಲಗೈ ಚಾಚಿದ. ಅವಳು ಬ್ಯಾಟರಿ ಕೊಟ್ಟಳು.

ಸ್ವಿಚ್ಚಿಗೆ ನಡುಬೆರಳು ಹಾಕಿದ. ಅಲಗು ಪೂರ್ತಿ ವೇಗಕ್ಕೆ ಬರುವವರೆಗೆ ಕಾದ. ತಲೆಯನ್ನು ತನ್ನ ಕಡೆ ಎಳೆದ, ಇಳಿಸಿದ, ಹಿಂದಕ್ಕೆ ತಳ್ಳಿದ. ಹಲಗೆ ಎರಡಾಯಿತು. ಸ್ವಿಚ್ಚು ಬಿಟ್ಟು, ಅಲಗು ನಿಲ್ಲುವವರೆಗೂ ಗರಗಸದ ತಲೆ ಎತ್ತದೆ ನಿಂತ.

ಮುಂದಿನದು ನಲವತ್ತೈದರ ಕೋನ. ಮೇಸ್ತ್ರಿ ಕೋನದ ಹಿಡಿಗೆ ಕೈ ಹಾಕಹೋಗಿ ತಡೆದುಕೊಂಡ. ಹಿಂದಕ್ಕೆ ಹೋಗಿ ಬ್ಯಾಟರಿ ಕಿತ್ತು ಹೆಂಡತಿಗೆ ಕೊಟ್ಟ. ಅವಳು ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಪಿನ್ನಿನ ಗಿರಾಕಿಯ ಕಡೆ ನಡೆದಳು.

"ಮತ್ತೆ ಯಾವಾಗ ಕೊಡ್ತೀಯೇ?" ಎಂದ.

"ತಿರುಗಿಸಿ, ಬಿಗಿ ಮಾಡಿ, ಎರಡೂ ಕೈ ನನಗೆ ಕಾಣೋ ಹಾಗೆ ಬಂದು ಕೇಳಿ."